ನೋವಿಲ್ಲದ ಕಣ್ಣುಗಳು ಮನೆಯಲ್ಲೇ ಉಳಿದವು

ಕಣ್ಣಿನ ತುರ್ತು ವಿಭಾಗಕ್ಕೆ ಬರುವವರಲ್ಲಿ ಬಹಳಷ್ಟು ಜನ ನಿಜವಾದ ತುರ್ತಿನವರಲ್ಲ. ಅಲ್ಲಿ ಕೆಲಸ ಮಾಡಿದ ಯಾರನ್ನು ಬೇಕಾದರೂ ಕೇಳಿ. ವಾರದಿಂದ ತುರಿಸುತ್ತಿರುವ ಕಣ್ಣು, ರೆಪ್ಪೆಯ ಮೇಲೆದ್ದ ಕುರು, ಮುಗಿದುಹೋದ ಡ್ರಾಪ್ಸಿಗೆ ಹೊಸ ಚೀಟಿ, ರಾತ್ರಿ ತೆಗೆಯಲು ಮರೆತು ಮಲಗಿದ ಲೆನ್ಸು. ಈ ಗದ್ದಲದ ನಡುವೆ ಒಬ್ಬರು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಾರೆ. ಕೇಳಿದರೆ "ಸ್ವಲ್ಪ ಮಂಜು ಅನ್ನಿಸ್ತಿದೆ" ಎನ್ನುತ್ತಾರೆ, ಅಷ್ಟೆ. ಪಾಪೆ ಹಿಗ್ಗಿಸಿ ಒಳಗೆ ನೋಡಿದರೆ ರೆಟಿನಾ, ಅಂದರೆ ಕಣ್ಣಿನ ಹಿಂಗೋಡೆಯಲ್ಲಿ ಬೆಳಕು ಹಿಡಿಯುವ ತೆಳು ಪದರ, ಅರ್ಧ ಕಿತ್ತು ಬಂದಿರುತ್ತದೆ. ಸಾವಧಾನದವರ ಜಂಗುಳಿಯಲ್ಲಿ ಅವಸರದವರನ್ನು ಹುಡುಕಿ ತೆಗೆಯುವುದೇ ಡ್ಯೂಟಿ ಡಾಕ್ಟರ ಅರ್ಧ ಕೆಲಸ. ಕೋವಿಡ್ ಬಂದಾಗ ಆ ಡ್ಯೂಟಿ ಡಾಕ್ಟರ ಕುರ್ಚಿಯಲ್ಲಿ ನಾನಿದ್ದೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಜಗತ್ತಿಗೇ ಹಬ್ಬಿದ ಪಿಡುಗು ಎಂದು ಸಾರಿತು. ವಾರ ಕಳೆದು ಮಾರ್ಚ್ 18ಕ್ಕೆ ಅಮೆರಿಕನ್ ಅಕಾಡೆಮಿ ಆಫ್ ಆಫ್ತಾಲ್ಮಾಲಜಿ ತನ್ನ ವೈದ್ಯರಿಗೆ, ತುರ್ತಲ್ಲದ ಚಿಕಿತ್ಸೆಯನ್ನೆಲ್ಲ ಈಗಿಂದೀಗಲೇ ನಿಲ್ಲಿಸಿ ಎಂದು ಹೇಳಿತು. ಹೆಚ್ಚುಕಡಿಮೆ ಅದೇ ಮಾತಿನ ಸುತ್ತೋಲೆ ನಮಗೂ ಬಂತು. ಪೊರೆ ಆಪರೇಷನ್ ಮುಂದಕ್ಕೆ, ಕನ್ನಡಕದ ತಪಾಸಣೆ ಬಂದ್, ಮಾಮೂಲಿ ಫಾಲೋಅಪ್ ಬಂದ್. ತುರ್ತು ವಿಭಾಗ ಮಾತ್ರ ತೆರೆದಿರಬೇಕು. ಯಾವುದು ತುರ್ತು ಎನ್ನುವ ಪಟ್ಟಿಯೂ ಜೊತೆಗಿತ್ತು: ಇದ್ದಕ್ಕಿದ್ದಂತೆ ದೃಷ್ಟಿ ಹೋದದ್ದು, ಪೆಟ್ಟು, ರಾಸಾಯನಿಕ ಬಿದ್ದದ್ದು, ಕಣ್ಣೊಳಗಿನ ಒತ್ತಡ ಏರಿ ಬಂದ ಗ್ಲಾಕೋಮಾ, ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಹುಣ್ಣು, ಆಪರೇಷನ್ ಆದ ಕಣ್ಣಿಗೆ ಕೀವು, ಕಿತ್ತ ರೆಟಿನಾ. ಒಳ್ಳೆಯ ಪಟ್ಟಿಯೇ. ಆದರೆ ಅದನ್ನು ಅಂಟಿಸಿದ್ದು ಆಸ್ಪತ್ರೆಯ ಒಳಗೋಡೆಗೆ. ಹೊರಗಿದ್ದ ಜನರಿಗೆ ಕೇಳಿಸಿದ್ದು "ಆಸ್ಪತ್ರೆಗೆ ಬರಬೇಡಿ" ಎಂಬ ಭಾಗ ಒಂದೇ.

ಎಣಿಸಿ ನೋಡಬೇಕಾಗಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಸಾಲು ನಿಂತು ಜಗಳವಾಡುತ್ತಿದ್ದ ಜಾಗದಲ್ಲಿ ಸೆಕ್ಯುರಿಟಿಯವರು ಒಬ್ಬರೇ ಕೂತು ಆಕಳಿಸುತ್ತಿದ್ದರು. ಆಮೇಲೆ ಬಂದ ವರದಿಗಳನ್ನು ಓದಿದರೆ ಬೇರೆ ಬೇರೆ ದೇಶಗಳಲ್ಲೂ ಇದೇ ಕಥೆ. ಮೊದಲ ಲಾಕ್‌ಡೌನಿನ ವಾರಗಳಲ್ಲಿ ಕಣ್ಣಿನ ತುರ್ತು ಭೇಟಿಗಳು ಅರ್ಧಕ್ಕೆ, ಕೆಲವೆಡೆ ಅದಕ್ಕಿಂತಲೂ ಕೆಳಕ್ಕೆ ಇಳಿದಿದ್ದವು. ನಮ್ಮಲ್ಲಿ ಕೆಲವರು ಇದನ್ನು ಒಳ್ಳೆಯ ಸುದ್ದಿ ಎಂದೇ ಹಿಡಿದರು. "ನೋಡು, ಸುಮ್ಮಸುಮ್ಮನೆ ಬರ್ತಿದ್ದೋರೆಲ್ಲ ನಿಂತ್ರು" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ್ದು ನೆನಪಿದೆ. ಅರ್ಧ ನಿಜ ಅದು. ಕುರುವಿನವರು, ತುರಿಕೆಯವರು ನಿಂತಿದ್ದರು. ಆದರೆ ರೆಟಿನಾ ಕೀಳುವುದಕ್ಕೆ ಲಾಕ್‌ಡೌನ್ ಗೊತ್ತಾಗುವುದಿಲ್ಲವಲ್ಲ. ವರ್ಷಕ್ಕೆ ಸುಮಾರು 10,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು ಅದು, ಆ ವರ್ಷವೂ ಆಗಿಯೇ ಇರಬೇಕು. ಹಾಗಿದ್ದರೆ ಅವರೆಲ್ಲ ಎಲ್ಲಿ?

ಆ ಪ್ರಶ್ನೆಗೆ ಬರುವ ಮೊದಲು ನಮ್ಮ ಭಯವನ್ನೂ ಹೇಳಬೇಕು. ಭಯವಿದ್ದದ್ದು ರೋಗಿಗಳಿಗೆ ಮಾತ್ರವಲ್ಲ.

ಕಣ್ಣು ನೋಡುವ ಸ್ಲಿಟ್ ಲ್ಯಾಂಪ್ ಎಂಬ ಯಂತ್ರವನ್ನು ನೀವು ಕಂಡಿರುತ್ತೀರಿ. ಗದ್ದ ಊರಿ, ಹಣೆ ಒತ್ತಿ ಕೂರುವುದು. ಆಚೆಯಿಂದ ಡಾಕ್ಟರು ಇಣುಕುವುದು. ಇಬ್ಬರ ಮುಖಗಳ ನಡುವೆ ಇರುವುದು ಗೇಣುದ್ದದ ಜಾಗ. ರೋಗಿ ಮಾತನಾಡಿದರೆ ಉಸಿರು ನೇರ ನಮ್ಮ ಮುಖಕ್ಕೆ. ವುಹಾನ್ ಸೆಂಟ್ರಲ್ ಆಸ್ಪತ್ರೆಯ ಲಿ ವೆನ್‌ಲಿಯಾಂಗ್ ಕಣ್ಣಿನ ವೈದ್ಯರೇ. 2019ರ ಡಿಸೆಂಬರ್ 30ರಂದು ಜೊತೆಯ ವೈದ್ಯರಿಗೆ ಹೊಸ ಸೋಂಕಿನ ಬಗ್ಗೆ ಎಚ್ಚರಿಕೆಯ ಸಂದೇಶ ಕಳಿಸಿ, ಅದಕ್ಕಾಗಿ ಪೊಲೀಸರಿಂದ ಛೀಮಾರಿ ಹಾಕಿಸಿಕೊಂಡವರು. ಅವರಿಗೆ ಸೋಂಕು ತಗುಲಿದ್ದು ಯಾವ ಲಕ್ಷಣವೂ ಇಲ್ಲದ ಒಬ್ಬ ಗ್ಲಾಕೋಮಾ ರೋಗಿಯಿಂದ ಎಂದು ಅವರೇ ನಂಬಿದ್ದರು. 2020ರ ಫೆಬ್ರವರಿ 7ರಂದು ತೀರಿಕೊಂಡರು. ಮಾರ್ಚ್‌ನಲ್ಲಿ ಅದೇ ಆಸ್ಪತ್ರೆಯ ಇನ್ನೂ ಇಬ್ಬರು ಕಣ್ಣಿನ ವೈದ್ಯರು ಹೋದರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆ ಸುದ್ದಿ ಬಂದ ದಿನ ಯಾರೂ ಏನೂ ಬರೆಯಲಿಲ್ಲ. ಮರುದಿನ ಮಾತ್ರ ಹಳೆಯ ಎಕ್ಸ್‌ರೇ ಫಿಲ್ಮನ್ನು ಕತ್ತರಿಸಿ ಸ್ಲಿಟ್ ಲ್ಯಾಂಪಿನ ಕಣ್ಣಿಗೆ ತಗುಲಿಹಾಕುವುದು ಹೇಗೆ ಎಂಬ ವಿಡಿಯೋಗಳು ಸಾಲುಗಟ್ಟಿದವು.

ನಾವೂ ಮಾಡಿಕೊಂಡೆವು. ಮೊದಲು ಫಿಲ್ಮು, ಆಮೇಲೆ ಅಗಲವಾದ ಅಕ್ರಿಲಿಕ್ ಹಾಳೆ. ಗಾಳಿ ಊದಿ ಕಣ್ಣಿನ ಒತ್ತಡ ಅಳೆಯುವ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದೆವು, ಕಣ್ಣೀರಿನ ಸಣ್ಣ ಹನಿಗಳು ಹಾರಬಹುದು ಎಂಬ ಅನುಮಾನ. ತಾಗಿಸಿ ಅಳೆಯುವ ಟೊನೋಮೀಟರಿನ ತುದಿಯನ್ನು ಪ್ರತಿ ಸಲವೂ ಸೋಂಕು ತೊಳೆದು ಒಣಗಿಸಬೇಕಿತ್ತು. ಪರೀಕ್ಷೆಯ ನಡುವೆ ಮಾತು ನಿಷಿದ್ಧ. "ಕೇಳೋದೆಲ್ಲ ಮೊದಲೇ ಕೇಳಿ, ಗದ್ದ ಇಟ್ಟ ಮೇಲೆ ಬಾಯಿ ಮುಚ್ಚಿ" ಎಂಬುದು ಇಬ್ಬರಿಗೂ ಅನ್ವಯ. ಹೇಳುವುದಕ್ಕೆ ಸುಲಭ. ಕಣ್ಣಿನ ಪರೀಕ್ಷೆಯೆಂದರೆ ಅರ್ಧ ಮಾತೇ: ಮೇಲೆ ನೋಡಿ, ಕೆಳಗೆ ನೋಡಿ, ನನ್ನ ಕಿವಿ ನೋಡಿ, ರೆಪ್ಪೆ ಬಡಿಯಬೇಡಿ. ಎನ್-95, ಅದರ ಮೇಲೊಂದು ಸರ್ಜಿಕಲ್ ಮಾಸ್ಕ್, ಫೇಸ್ ಶೀಲ್ಡ್. ಶೀಲ್ಡ್ ಹಾಕಿಕೊಂಡರೆ ಕಣ್ಣು ಯಂತ್ರದ ಐಪೀಸಿಗೆ ತಾಗುವುದಿಲ್ಲ, ತೆಗೆದರೆ ರಕ್ಷಣೆಯಿಲ್ಲ. ಉಸಿರಿನ ಹಬೆ ಲೆನ್ಸಿಗೆ ಕಟ್ಟುತ್ತದೆ. ರೋಗಿಯ ಮಾಸ್ಕಿನ ಮೇಲಂಚಿಗೆ ಟೇಪ್ ಹಚ್ಚಿದರೆ ಸ್ವಲ್ಪ ಕಡಿಮೆ. ಕೈಸನ್ನೆಯಲ್ಲಿ ಎಡ, ಬಲ ತೋರಿಸುತ್ತಾ, ಮಂಜಾದ ಲೆನ್ಸಿನಲ್ಲಿ ರೆಟಿನಾದ ಅಂಚಿನ ಸಣ್ಣ ಹರಕು ಹುಡುಕುವುದು ಎಂಥ ಕೆಲಸ ಎನ್ನುವುದು ಮಾಡಿದವರಿಗೇ ಗೊತ್ತು.

ಕೆಂಗಣ್ಣಿನದು ಇನ್ನೊಂದು ತಲೆನೋವು. ಕೋವಿಡ್‌ನಲ್ಲಿ ಕೆಲವರಿಗೆ ಕಣ್ಣು ಕೆಂಪಾಗುತ್ತದೆ ಎಂಬುದು ಬೇಗನೆ ತಿಳಿದಿತ್ತು. ಹಾಗಾಗಿ ಕೆಂಪು ಕಣ್ಣಿನವರನ್ನೆಲ್ಲ ಬಾಗಿಲಲ್ಲೇ ಅನುಮಾನದಿಂದ ನೋಡುವುದು ಶುರುವಾಯಿತು. ಕಣ್ಣಿನ ಆಸ್ಪತ್ರೆಯಲ್ಲಿ ಕೆಂಪು ಕಣ್ಣನ್ನು ಅನುಮಾನಿಸಿದರೆ ಉಳಿಯುವವರು ಯಾರು?

ಬಂದವರ ವಿಷಯಕ್ಕೆ ಬರುತ್ತೇನೆ. ಆ ತಿಂಗಳುಗಳಲ್ಲಿ ಎಲ್ಲ ನಿರ್ಬಂಧ ದಾಟಿ ನಮ್ಮ ಬಾಗಿಲಿಗೆ ಬಂದವರಲ್ಲಿ ಹೆಚ್ಚಿನವರಿಗೆ ಒಂದು ವಿಷಯ ಸಾಮಾನ್ಯವಾಗಿತ್ತು: ನೋವು. ವೆಲ್ಡಿಂಗ್ ಮಾಡುವಾಗ, ಕಬ್ಬಿಣ ಉಜ್ಜುವಾಗ ಚೂರು ಹಾರಿದವರು. ಮನೆಯಲ್ಲಿ ಕೂತು ಬೇಸರವಾಗಿ ಡ್ರಿಲ್ ಹಿಡಿದವರು. ಇಂಥವರು ಎಂದಿಗಿಂತ ಹೆಚ್ಚೇ ಇದ್ದರು ಎನ್ನಿಸುತ್ತದೆ, ರಕ್ಷಣೆಯ ಕನ್ನಡಕ ಯಾರಿಗೂ ಇರುತ್ತಿರಲಿಲ್ಲ. ನೆಲ ತೊಳೆಯುವ ಬ್ಲೀಚ್ ಚಿಮ್ಮಿಸಿಕೊಂಡವರು. ಕೋಣೆಯ ಸೋಂಕು ಕಳೆಯಲೆಂದು ಯುವಿ ದೀಪ ತಂದು, ಅದರ ಬೆಳಕಿನಲ್ಲೇ ಕೂತವರು. ಇವರದು ವಿಚಿತ್ರ, ಆಗ ಏನೂ ಆಗುವುದಿಲ್ಲ. ಆರೆಂಟು ಗಂಟೆ ಕಳೆದು ಮಧ್ಯರಾತ್ರಿ ಎರಡೂ ಕಣ್ಣಿಗೆ ಮರಳು ಸುರಿದಂತಾಗಿ ಬಿಡಿಸಲಾಗದೆ ಅಳುತ್ತಾ ಬರುತ್ತಾರೆ. ಕಾರ್ನಿಯಾದ ಮೇಲ್ಪದರ ಸುಟ್ಟಿರುತ್ತದೆ. ಒಂದೆರಡು ದಿನದಲ್ಲಿ ತಾನಾಗಿ ಮಾಗುತ್ತದೆ ಎಂದರೆ ನಂಬುವುದಿಲ್ಲ.

ಸ್ಯಾನಿಟೈಸರ್ ಬಿದ್ದ ಮಕ್ಕಳನ್ನು ಬೇರೆಯಾಗಿಯೇ ಹೇಳಬೇಕು. ಅಂಗಡಿ, ಕಚೇರಿಗಳ ಬಾಗಿಲಲ್ಲಿ ನಿಲ್ಲಿಸಿದ, ಕಾಲಲ್ಲಿ ತುಳಿಯುವ ಸ್ಟ್ಯಾಂಡ್‌ಗಳ ಎತ್ತರ ದೊಡ್ಡವರ ಸೊಂಟಕ್ಕೆ ಸರಿ. ಸಣ್ಣ ಮಗುವಿಗೆ ಅದು ನೇರ ಕಣ್ಣ ಮಟ್ಟ. ತುಳಿದದ್ದು ಅಪ್ಪ, ಚಿಮ್ಮಿದ್ದು ಪಕ್ಕದಲ್ಲಿ ನಿಂತ ಮಗಳ ಮುಖಕ್ಕೆ. ಆ ದ್ರವದಲ್ಲಿ ಶೇಕಡಾ 60-70ರಷ್ಟು ಆಲ್ಕೋಹಾಲ್ ಇರುತ್ತದೆ, ಜೆಲ್ ಆದರೆ ಅಂಟಿಕೊಂಡೂ ಇರುತ್ತದೆ. ಫ್ರಾನ್ಸಿನ ವಿಷಮಾಹಿತಿ ಕೇಂದ್ರಗಳ ದಾಖಲೆ ಆಧರಿಸಿದ ಒಂದು ಅಧ್ಯಯನದಲ್ಲಿ 2020ರಲ್ಲಿ ಮಕ್ಕಳ ಕಣ್ಣಿಗೆ ಸ್ಯಾನಿಟೈಸರ್ ಬಿದ್ದ ಪ್ರಕರಣಗಳು ಹಿಂದಿನ ವರ್ಷಕ್ಕಿಂತ 7 ಪಟ್ಟು ಹೆಚ್ಚಿದ್ದವು. ನಮ್ಮಲ್ಲಿಗೆ ಬಂದ ಒಬ್ಬ ಹುಡುಗಿಯ ತಂದೆ ಮಾಡಿದ ಒಂದೇ ಕೆಲಸ ಅವಳ ಕಣ್ಣನ್ನು ಬಹುಪಾಲು ಉಳಿಸಿತ್ತು. ಆಸ್ಪತ್ರೆ ಎಲ್ಲಿ, ಪಾಸ್ ಹೇಗೆ ಎಂದು ವಿಚಾರಿಸುವ ಮೊದಲೇ ನಲ್ಲಿಯ ಕೆಳಗೆ ಅವಳ ತಲೆ ಹಿಡಿದಿದ್ದರು, ಅವಳು ಕಿರುಚಿದರೂ ಬಿಡದೆ, ಬಹಳ ಹೊತ್ತು. ರಾಸಾಯನಿಕ ಯಾವುದೇ ಇರಲಿ, ಮೊದಲು ನೀರು, ಅರ್ಧ ಗಂಟೆಯಾದರೂ ನೀರು. ಆಮೇಲೆ ಉಳಿದದ್ದು. ಸುಣ್ಣ, ಕಾಸ್ಟಿಕ್‌ನಂಥ ಕ್ಷಾರವಾದರೆ ಆಮ್ಲಕ್ಕಿಂತ ವೇಗವಾಗಿ ಒಳಗೆ ಇಳಿಯುತ್ತದೆ, ನಿಮಿಷ ನಿಮಿಷಕ್ಕೂ ಬೆಲೆಯಿದೆ. ನಾವು ಇಲ್ಲಿ ಮಾಡುವುದೂ ಮೊದಲಿಗೆ ಅದನ್ನೇ, ಸಲೈನಿನಲ್ಲಿ; ಲಿಟ್ಮಸ್ ಪಟ್ಟಿ ಇಟ್ಟು ಪಿಎಚ್ 7ರ ಆಸುಪಾಸಿಗೆ ಬರುವವರೆಗೆ.

ಹೀಗೆ ನೋವಿದ್ದವರು ಬಂದರು. ಪೊಲೀಸ್ ತಡೆದರೂ ಬಂದರು, ಬಸ್ಸಿಲ್ಲದಿದ್ದರೆ ನಡೆದು ಬಂದರು. ನೋವು ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಆದರೆ ಕಣ್ಣಿನ ವಿಷಯದಲ್ಲಿ ನೋವಿಗೂ ಅಪಾಯಕ್ಕೂ ಹೊಂದಿಕೆಯೇ ಇಲ್ಲ. ಕಾರ್ನಿಯಾದಲ್ಲಿ ನರಗಳು ಕಿಕ್ಕಿರಿದಿವೆ, ಒಂದು ಸಣ್ಣ ಕಸ ಬಿದ್ದರೆ ಮನುಷ್ಯ ಕುಣಿದಾಡುತ್ತಾನೆ. ಐದು ನಿಮಿಷದಲ್ಲಿ ತೆಗೆದರೆ ಮುಗಿಯಿತು. ರೆಟಿನಾಕ್ಕೆ ನೋವೇ ಗೊತ್ತಿಲ್ಲ. ಅದರ ರಕ್ತನಾಳ ಕಟ್ಟಿಕೊಂಡರೂ, ಅದು ಹರಿದರೂ, ಕಿತ್ತು ಬಂದರೂ, ಮಧ್ಯಭಾಗದಲ್ಲಿ ರಕ್ತ ಸೋರಿದರೂ ಒಂದು ಚುಚ್ಚು ಸಹ ಇರುವುದಿಲ್ಲ. ಮನೆಯಲ್ಲೇ ಉಳಿದುಹೋದವರು ಇವರು. ನೋವಿಲ್ಲ, ಕೆಂಪಿಲ್ಲ, ಇನ್ನೊಂದು ಕಣ್ಣು ಚೆನ್ನಾಗಿದೆ, ಹೊರಗೆ ಸೋಂಕು. ಯಾರಾದರೂ ಕಾಯುತ್ತಾರೆ.

ಫೋನ್ ಟ್ರಯಾಜ್ ಶುರು ಮಾಡಿದ್ದು ಈ ಮಧ್ಯೆ. ತುರ್ತು ಹೌದೋ ಅಲ್ಲವೋ ಫೋನಿನಲ್ಲೇ ತೀರ್ಮಾನಿಸಿ, ಬರಬೇಕಾದವರನ್ನು ಮಾತ್ರ ಕರೆಸುವ ವ್ಯವಸ್ಥೆ. ನಮಗೊಂದು ಪ್ರಶ್ನೆಗಳ ಹಾಳೆ ಕೊಟ್ಟಿದ್ದರು. ಮೊದಲು ಜ್ವರ, ಕೆಮ್ಮು, ಸಂಪರ್ಕ. ಆಮೇಲೆ: ನೋವಿದೆಯೇ? ಕೆಂಪಾಗಿದೆಯೇ? ಪೆಟ್ಟಾಗಿದೆಯೇ? ಎಲ್ಲಕ್ಕೂ "ಇಲ್ಲ" ಎಂದರೆ ಹಾಳೆಯ ಪ್ರಕಾರ ಒಂದು ವಾರ ಬಿಟ್ಟು ಮತ್ತೆ ಫೋನ್ ಮಾಡಲು ಹೇಳಬಹುದಿತ್ತು. ದೃಷ್ಟಿಯ ಪ್ರಶ್ನೆ ಕೆಳಗೆಲ್ಲೋ ಇತ್ತು. ಆ ಹಾಳೆ ಬರೆದವರು ಯಾರೋ, ಕಣ್ಣಿನವರಂತೂ ಇರಲಾರರು ಎಂಬುದು ಇವತ್ತಿಗೂ ನನ್ನ ಅಭಿಪ್ರಾಯ.

ಒಂದು ಫೋನಿನ ಮಾತು ಇನ್ನೂ ಕಿವಿಯಲ್ಲಿದೆ. ಐವತ್ತು ದಾಟಿದ ಗಂಡಸಿನ ದನಿ.

"ನೋವಿದೆಯಾ?"

"ಇಲ್ಲ ಡಾಕ್ಟ್ರೇ, ನೋವು ಗೀವು ಏನೂ ಇಲ್ಲ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ."

"ಕೆಂಪಾಗಿದೆಯಾ?"

"ಕನ್ನಡಿಯಲ್ಲಿ ನೋಡಿಕೊಂಡ್ರೆ ಚೆನ್ನಾಗೇ ಇದೆ."

"ಮತ್ತೆ ಏನಾಗ್ತಿದೆ ಹೇಳಿ."

"ಎಡಗಣ್ಣಲ್ಲಿ ಮೊದಲು ಮಿಂಚು ಹೊಡೆದ ಹಾಗೆ ಆಗ್ತಿತ್ತು. ಆಮೇಲೆ ಸೊಳ್ಳೆ ಹಾರಿದ ಹಾಗೆ ಕಪ್ಪು ಚುಕ್ಕಿಗಳು ಬಂದ್ವು. ಈಗ ಕೆಳಗಿಂದ ಏನೋ ಕಪ್ಪು ಏರಿ ಬರ್ತಾ ಇದೆ."

"ಬಲಗಣ್ಣು ಅಂಗೈಯಲ್ಲಿ ಪೂರ್ತಿ ಮುಚ್ಚಿ. ಎದುರಿಗೆ ಬಾಗಿಲು ಇದೆಯಾ? ಚಿಲಕವನ್ನೇ ನೋಡ್ತಾ ಇರಿ. ಹೊಸ್ತಿಲು ಕಾಣುತ್ತಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೊಸ್ತಿಲು ಇಲ್ಲ ಡಾಕ್ಟ್ರೇ. ಬಾಗಿಲಿನ ಕೆಳಗರ್ಧ ಇಲ್ಲ."

"ಚಿಲಕ?"

"ಚಿಲಕ ಇದೆ. ಆದ್ರೆ ನೆಟ್ಟಗಿಲ್ಲ, ಸೊಟ್ಟಗೆ ಕಾಣ್ತಿದೆ."

ಅಷ್ಟೇ ಸಾಕಿತ್ತು. ಕೆಳಗಿನಿಂದ ಕತ್ತಲೆ ಏರುತ್ತಿದೆ ಎಂದರೆ ಮೇಲಿನ ರೆಟಿನಾ ಕಿತ್ತು ಕೆಳಗಿಳಿಯುತ್ತಿದೆ ಎಂದರ್ಥ; ಒಳಗಿನ ಚಿತ್ರ ತಲೆಕೆಳಗು. ಮೇಲಿಂದ ಕೀಳುವುದು ಬೇಗ ಹಬ್ಬುತ್ತದೆ. ತೇವ ಹಿಡಿದ ಗೋಡೆಯಿಂದ ಸುಣ್ಣದ ಪದರ ಎದ್ದ ಹಾಗೆ, ಒಂದು ಹರಕಿನ ಮೂಲಕ ಕಣ್ಣೊಳಗಿನ ದ್ರವ ರೆಟಿನಾದ ಹಿಂದೆ ನುಗ್ಗುತ್ತಾ ಅದನ್ನು ಎಬ್ಬಿಸಿಕೊಂಡು ಹೋಗುತ್ತದೆ. ನಡುವಿನಲ್ಲಿರುವ ಮ್ಯಾಕ್ಯುಲಾ ಅಗಲದಲ್ಲಿ ಐದಾರು ಮಿಲಿಮೀಟರ್ ಅಷ್ಟೆ, ಓದುವುದು, ಮುಖ ಗುರುತಿಸುವುದು ಎಲ್ಲ ಅದರಲ್ಲೇ. ಅದು ಅಂಟಿಕೊಂಡಿರುವಾಗಲೇ ಆಪರೇಷನ್ ಆದರೆ ದೃಷ್ಟಿ ಬಹುಪಾಲು ಉಳಿಯುತ್ತದೆ. ಅದೂ ಕಿತ್ತ ಮೇಲೆ ರೆಟಿನಾವನ್ನು ಮತ್ತೆ ಅಂಟಿಸಬಹುದು, ಹಳೆಯ ದೃಷ್ಟಿ ಹಾಗೇ ಬರುವುದಿಲ್ಲ. ಹಾಗಾಗಿ ಮ್ಯಾಕ್ಯುಲಾ ಇನ್ನೂ ಅಂಟಿದ್ದರೆ ಒಂದು ದಿನದೊಳಗೆ ಎಂದೂ, ಕಿತ್ತಿದ್ದರೆ ಕೆಲವು ದಿನಗಳೊಳಗೆ ಎಂದೂ ನಾವು ಓಡುವುದು. ಚಿಲಕ ಸೊಟ್ಟಗೆ ಕಂಡಿತು ಎಂದರೆ ನೀರು ಮ್ಯಾಕ್ಯುಲಾದ ಅಡಿಗೆ ಬಂದಾಗಿದೆ.

"ಈಗಲೇ ಹೊರಡಿ" ಎಂದೆ.

"ಅಲ್ಲಿ ಕರೋನಾ ವಾರ್ಡ್ ಇದೆಯಂತಲ್ಲ ಡಾಕ್ಟ್ರೇ? ಮನೇಲಿ ವಯಸ್ಸಾದ ತಾಯಿ ಇದ್ದಾರೆ."

ಈ ಪ್ರಶ್ನೆಗೆ ಉತ್ತರ ಹಾಳೆಯಲ್ಲಿ ಇರಲಿಲ್ಲ. ಭಯ ಸುಳ್ಳಲ್ಲ, ಅದನ್ನು ಅಲ್ಲಗಳೆಯುವಂತಿರಲಿಲ್ಲ. ಕಣ್ಣಿನ ಕಡೆಗೆ ಬೇರೆ ಗೇಟಿದೆ, ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುತ್ತೇವೆ, ನಿಮ್ಮ ಹೆಸರಲ್ಲಿ ಸಮಯ ಬರೆದಿಡುತ್ತೇನೆ ಎಂದೆ. ಪೊಲೀಸ್ ಕೇಳಿದರೆ ತೋರಿಸಲು ಮೊಬೈಲಿಗೆ ಒಂದು ಸಂದೇಶ ಕಳಿಸಿದೆ. ಆಮೇಲೆ ಆ ಒಂದು ಸಾಲಿನ ಸಂದೇಶ ಎಷ್ಟೋ ಜನರಿಗೆ ಕಳಿಸಬೇಕಾಯಿತು.

ಅವರು ಬಂದರು, ಮಗನನ್ನು ಗೇಟಿನಲ್ಲೇ ನಿಲ್ಲಿಸಿದರು. ಹನಿ ಹಾಕಿ ಪಾಪೆ ಹಿಗ್ಗುವವರೆಗೆ ಅಂಗಳದ ಕುರ್ಚಿಯಲ್ಲಿ ಕೂರಿಸಿದೆವು. ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಲೆನ್ಸ್ ಹಿಡಿದು ನೋಡುವ ಇನ್‌ಡೈರೆಕ್ಟ್ ವಿಧಾನವೇ ಆ ಕಾಲಕ್ಕೆ ವಾಸಿ, ಕನಿಷ್ಠ ಒಂದು ತೋಳಿನ ದೂರವಾದರೂ ಇರುತ್ತದೆ. ನೋಡಿದೆ. ಕೆಂಪಗೆ ಹೊಳೆಯಬೇಕಾದ ಜಾಗದಲ್ಲಿ ಬೂದು ಬಣ್ಣದ ಮಡಿಕೆ, ಕಣ್ಣಾಡಿಸಿದಾಗಲೆಲ್ಲ ತೊಯ್ದಾಡುತ್ತಿತ್ತು. ಮೇಲಂಚಿನಲ್ಲಿ ಕುದುರೆ ಲಾಳದ ಆಕಾರದ ಹರಕು. ಮ್ಯಾಕ್ಯುಲಾ ಹೋಗಿತ್ತು. ಅಲ್ಲಲ್ಲಿ ರೆಟಿನಾ ಸುಕ್ಕುಗಟ್ಟಿ ಬಿಗಿಯಲು ತೊಡಗಿತ್ತು, ಅದು ಇನ್ನೂ ಕೆಟ್ಟ ಸೂಚನೆ. ದಿನ ಕಳೆದಂತೆ ಮೇಲೆ ಕಲೆಯ ಪೊರೆ ಬೆಳೆದು ಅದನ್ನು ಎಳೆದು ಮುದುಡಿಸುತ್ತದೆ, ಅಂಟಿಸಿದರೂ ಮತ್ತೆ ಕೀಳಬಹುದು. ಬೇರೆ ದೇಶಗಳ ರೆಟಿನಾ ವೈದ್ಯರು ಆ ವರ್ಷ ಬರೆದದ್ದೂ ಇದನ್ನೇ: ಬರುವವರ ಸಂಖ್ಯೆ ಇಳಿದಿದೆ, ಬಂದವರಲ್ಲಿ ಮ್ಯಾಕ್ಯುಲಾ ಕಿತ್ತವರು, ಸುಕ್ಕುಗಟ್ಟಿದವರು ಏರಿದ್ದಾರೆ.

ಆಪರೇಷನ್ನಿಗೆ ಮುಂಚೆ ಆರ್‌ಟಿ-ಪಿಸಿಆರ್ ಆಗಲೇಬೇಕು. ವರದಿ ಬರುವವರೆಗೆ ಕಾಯಬೇಕು, ಮಲಗಿದ ಭಂಗಿ ಬದಲಿಸದೆ. ಪೂರ್ಣ ಅರಿವಳಿಕೆ ಕೊಟ್ಟರೆ ಗಂಟಲಿಗೆ ಕೊಳವೆ ಹಾಕಬೇಕು, ಸೋಂಕು ಹರಡುವ ಅಪಾಯ ಹೆಚ್ಚು. ಹಾಗಾಗಿ ಸಾಧ್ಯವಿದ್ದವರಿಗೆಲ್ಲ ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿಯೇ ಮಾಡುತ್ತಿದ್ದರು. ಮಾಸ್ಕ್ ಹಾಕಿಕೊಂಡೇ, ಹೊದಿಕೆಯ ಅಡಿಯಲ್ಲಿ, ಒಂದೂವರೆ ಗಂಟೆ ಅಲ್ಲಾಡದೆ ಮಲಗುವುದು ರೋಗಿಗೆ ಸುಲಭವಲ್ಲ. ರೆಟಿನಾವನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಅನಿಲ ತುಂಬಿದ ಮೇಲೆ ಕೆಲವು ದಿನ ಹೇಳಿದ ಭಂಗಿಯಲ್ಲೇ ತಲೆ ಇಟ್ಟುಕೊಳ್ಳಬೇಕು, ಅನಿಲ ಕರಗುವವರೆಗೆ ವಿಮಾನ ಹತ್ತುವಂತಿಲ್ಲ. ಎರಡನೆಯದನ್ನು ಹೇಳಿದಾಗ ಅವರು ಮೊದಲ ಸಲ ನಕ್ಕರು. ವಿಮಾನಗಳೆಲ್ಲ ನಿಂತಿದ್ದವಲ್ಲ.

ಅವರ ರೆಟಿನಾ ಅಂಟಿತು. ಆ ಕಣ್ಣಲ್ಲಿ ದೊಡ್ಡ ಅಕ್ಷರ ಓದುತ್ತಾರೆ, ಬಾಗಿಲಿನ ಚೌಕಟ್ಟು ಈಗಲೂ ಸ್ವಲ್ಪ ಬಾಗಿದೆಯಂತೆ.

ರಕ್ತನಾಳ ಕಟ್ಟಿದವರ ವಿಷಯದಲ್ಲಿ ಇಷ್ಟೂ ಮಾಡಲಾಗಲಿಲ್ಲ. ರೆಟಿನಾದ ಮುಖ್ಯ ಅಪಧಮನಿ ಮುಚ್ಚಿದರೆ ಅದು ತಡೆದುಕೊಳ್ಳುವುದು ಗಂಟೆಗಳ ಲೆಕ್ಕದಲ್ಲಿ, ಸುಮಾರು ನಾಲ್ಕು ಗಂಟೆ ದಾಟಿದರೆ ಹಾನಿ ಬಹುತೇಕ ಶಾಶ್ವತ. ಸಾಮಾನ್ಯ ಕಾಲದಲ್ಲೇ ಆ ಅವಧಿಯೊಳಗೆ ಬರುವವರು ಕಡಿಮೆ. ಆಗಂತೂ "ನಾಳೆ ಸರಿಹೋಗಬಹುದು" ಎಂದು ಕಾದವರೇ. ಅವರಿಗೆ ನಾವು ಮಾಡಬಹುದಾದದ್ದು ಒಂದೇ: ಇದು ಕಣ್ಣಿನ ಪಾರ್ಶ್ವವಾಯು, ಮುಂದೆ ಮಿದುಳಿಗೂ ಆಗಬಹುದು ಎಂದು ಹೇಳಿ ಆ ತಪಾಸಣೆಗೆ ದೂಡುವುದು. ಅಲ್ಲಿಗೂ ಹೋಗಲು ಹಲವರು ಹಿಂಜರಿದರು.

ಕೋವಿಡ್ಡಿನ ವೇಷ ಹಾಕಿ ಬಂದ ಕಣ್ಣಿನ ಕಾಯಿಲೆಗಳೂ ಇದ್ದವು. ತೀವ್ರ ಗ್ಲಾಕೋಮಾದ ಒಬ್ಬ ಅಜ್ಜಿಗೆ ತಲೆ ಸಿಡಿಯುವ ನೋವು, ವಾಂತಿ, ಕೆಂಪು ಕಣ್ಣು. ಬೇರೆ ಕಡೆ ಅವರನ್ನು ಜ್ವರದ ಸಾಲಿನಲ್ಲಿ ಕೂರಿಸಿ, ಪರೀಕ್ಷೆ ಬರೆದು, ವರದಿ ಬರಲಿ ಎಂದಿದ್ದರು. ಅಲ್ಲಿದ್ದ ಒಬ್ಬ ನರ್ಸು "ಇವರ ಪಾಪೆ ದೊಡ್ಡದಾಗಿದೆ, ಟಾರ್ಚ್ ಬಿಟ್ಟರೂ ಕಿರಿದಾಗ್ತಿಲ್ಲ" ಎಂದು ಗಮನಿಸಿ ನಮ್ಮಲ್ಲಿಗೆ ಕಳಿಸಿದರು. ಕಣ್ಣಿನ ಒತ್ತಡ 10ರಿಂದ 21 ಇರಬೇಕು. ಅವರದು 50 ದಾಟಿತ್ತು. ಮುಟ್ಟಿದರೆ ಕಲ್ಲು. ಮ್ಯಾನಿಟಾಲ್ ಹಾಕಿ, ಮಾತ್ರೆ, ಹನಿ ಕೊಟ್ಟು ಒತ್ತಡ ಇಳಿಸಿ, ಕಾರ್ನಿಯಾ ತಿಳಿಯಾದ ಮೇಲೆ ಪಾಪೆಯ ಸುತ್ತಲಿನ ಬಣ್ಣದ ಪದರದಲ್ಲಿ ಲೇಸರಿನಿಂದ ಒಂದು ಸಣ್ಣ ರಂಧ್ರ ಮಾಡಿದೆವು. ಇನ್ನೊಂದು ಕಣ್ಣಿಗೂ ಮುಂಜಾಗ್ರತೆಗೆಂದು ಮಾಡಿದೆವು. ಆ ನರ್ಸಿನ ಹೆಸರು ನನಗೆ ಗೊತ್ತಿಲ್ಲ, ಅಜ್ಜಿಯ ಕಣ್ಣು ಉಳಿಸಿದ್ದು ಅವರೇ.

ಇನ್ನೂ ಮೋಸದ್ದು ಜಯಂಟ್ ಸೆಲ್ ಆರ್ಟರೈಟಿಸ್. ಐವತ್ತು ದಾಟಿದವರಿಗೆ ಬರುವ ರಕ್ತನಾಳದ ಉರಿಯೂತ. ಸುಸ್ತು, ಸಣ್ಣ ಜ್ವರ, ತಲೆನೋವು, ರಕ್ತದಲ್ಲಿ ಏರಿದ, ಉರಿಯೂತ ತೋರಿಸುವ ಸಿಆರ್‌ಪಿ. ಎಲ್ಲವೂ ಕೋವಿಡ್ಡಿನ ಲಕ್ಷಣಗಳೇ. ತಲೆ ಬಾಚುವಾಗ ನೆತ್ತಿ ನೋಯುತ್ತದೆಯೇ, ಅಗಿಯುವಾಗ ದವಡೆ ನೋಯುತ್ತದೆಯೇ ಎಂದು ಕೇಳಬೇಕು. ಕೇಳದೆ ಬಿಟ್ಟರೆ ಒಂದು ಕಣ್ಣು ಹೋಗಿ, ಕೆಲವೇ ದಿನಗಳಲ್ಲಿ ಇನ್ನೊಂದೂ ಹೋಗಬಹುದು. ಸ್ಟೀರಾಯ್ಡ್ ಅಂದೇ ಶುರುವಾಗಬೇಕು, ಪಿಸಿಆರ್ ವರದಿಗೆ ಕಾಯುವಂತಿಲ್ಲ.

ತುರ್ತು ಪಟ್ಟಿಗೆ ಸೇರದೆ ತುರ್ತಾದವರು ಇನ್ನೊಂದು ಗುಂಪು: ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಕಣ್ಣೊಳಗೆ ಇಂಜೆಕ್ಷನ್ ತೆಗೆದುಕೊಳ್ಳಬೇಕಾದವರು. ವಯಸ್ಸಿನಿಂದ ಮ್ಯಾಕ್ಯುಲಾ ಸೋರುವವರು, ಸಕ್ಕರೆ ಕಾಯಿಲೆಯಿಂದ ರೆಟಿನಾ ಬಾತವರು. ಹೆಚ್ಚಿನವರು ಹಿರಿಯರು. "ಹಿರಿಯರು ಹೊರಗೆ ಬರಬೇಡಿ" ಎಂದು ದಿನವೂ ಟೀವಿಯಲ್ಲಿ ಕೇಳಿದವರು ಅವರೇ. ಒಂದು ಇಂಜೆಕ್ಷನ್ ತಪ್ಪಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಅಷ್ಟೇ ಗಟ್ಟಿಯಾಗಿ ಹೇಳಲಿಲ್ಲ. ನಾವು ರಿಜಿಸ್ಟರ್ ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡತೊಡಗುವ ಹೊತ್ತಿಗೆ ಕೆಲವರ ಕಣ್ಣಲ್ಲಿ ಕಲೆ ಗಟ್ಟಿಯಾಗಿತ್ತು. ಇಡೀ ಪಿಡುಗಿನಲ್ಲಿ ಅತ್ಯಂತ ಸುಲಭವಾಗಿ ತಡೆಯಬಹುದಾಗಿದ್ದ ನಷ್ಟ ಇದು. ಯಂತ್ರ ಬೇಡ, ಪಿಪಿಇ ಬೇಡ, ಒಂದು ಫೋನು ಸಾಕಿತ್ತು.

ಮರುವರ್ಷ ಎಲ್ಲ ತಿರುವುಮುರುವಾಯಿತು. 2021ರ ಎರಡನೇ ಅಲೆಯಲ್ಲಿ, ಮುಖ್ಯವಾಗಿ ಭಾರತದಲ್ಲಿ, ಕಪ್ಪು ಶಿಲೀಂಧ್ರದ ಸುದ್ದಿ ಹಬ್ಬಿದಾಗ ಮನೆಯಲ್ಲಿ ಕೂತವರೆಲ್ಲ ಕಣ್ಣು ಹಿಡಿದುಕೊಂಡು ಓಡಿಬಂದರು. ಸಕ್ಕರೆ ಹತೋಟಿಯಿಲ್ಲದ, ಸ್ಟೀರಾಯ್ಡ್ ತೆಗೆದುಕೊಂಡ ಕೋವಿಡ್ ರೋಗಿಗಳಲ್ಲಿ ಮೂಗಿನಿಂದ ಕಣ್ಣಿನ ಗೂಡಿಗೆ ಹಬ್ಬುವ ಭೀಕರ ಕಾಯಿಲೆ ಅದು. ಬೇಗ ಶಿಲೀಂಧ್ರದ ಔಷಧ ಆಂಫೊಟೆರಿಸಿನ್ ಕೊಟ್ಟು ಕೊಳೆತ ಭಾಗ ತೆಗೆಯದಿದ್ದರೆ ಕಣ್ಣಷ್ಟೇ ಅಲ್ಲ, ಜೀವವೇ ಹೋಗುತ್ತದೆ. ಅದನ್ನು ಬರೆಯಲು ಬೇರೆಯೇ ಲೇಖನ ಬೇಕು. ಇಲ್ಲಿ ಹೇಳಬೇಕಾದದ್ದು ಇಷ್ಟೆ: ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪಾದವರು ಸಹ ನಡುಗುತ್ತಾ ಬಂದರು. ಅದೇ ವಾರ, ಒಂದು ಕಣ್ಣಿಗೆ ಕಪ್ಪು ಪರದೆ ಬಿದ್ದಂತೆ ಕಾಣುತ್ತಿದ್ದ ಒಬ್ಬರು "ನನಗೆ ಕಪ್ಪು ಶಿಲೀಂಧ್ರ ಇಲ್ಲ ತಾನೇ? ಹಾಗಿದ್ರೆ ಲಾಕ್‌ಡೌನ್ ಮುಗಿದ ಮೇಲೆ ಬರ್ತೀನಿ" ಎಂದು ಫೋನ್ ಇಡಲು ಹೊರಟಿದ್ದರು. ಇಡಲು ಬಿಡಲಿಲ್ಲ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಇನ್ನು ಜಾಗತಿಕ ತುರ್ತು ಸ್ಥಿತಿಯಲ್ಲ ಎಂದಿತು. ಅದಕ್ಕೆ ಬಹಳ ಮೊದಲೇ ನಮ್ಮ ಕುರ್ಚಿಗಳು ತುಂಬಿದ್ದವು. ಕುರು, ತುರಿಕೆ, ಲೆನ್ಸು, ಜಗಳ, ಎಲ್ಲ ವಾಪಸ್. ಫೋನ್ ಟ್ರಯಾಜ್ ಮಾತ್ರ ಉಳಿದುಕೊಂಡಿದೆ. ಮೊಬೈಲಿನಲ್ಲಿ ಕಳಿಸಿದ ಫೋಟೋ ನೋಡಿ ಕುರುವಿಗೆ ಬಿಸಿ ಶಾಖ ಹೇಳುವುದಕ್ಕೆ ಅದು ಬಹಳ ಅನುಕೂಲ, ಎಷ್ಟೋ ಜನರ ಓಡಾಟ ತಪ್ಪಿದೆ. ಫೋಟೋದಲ್ಲಿ ರೆಟಿನಾ ಕಾಣುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಸರಿ.

ಪ್ರಶ್ನೆಗಳ ಹಾಳೆ ಬದಲಾಗಿದೆ. ನೋವು ಈಗ ಮೂರನೆಯ ಪ್ರಶ್ನೆ. ಮೊದಲನೆಯದು, ಒಂದೊಂದೇ ಕಣ್ಣು ಮುಚ್ಚಿ ಎದುರಿನ ಬಾಗಿಲನ್ನೋ ಕಿಟಕಿಯನ್ನೋ ನೋಡಿಸುವುದು: ಯಾವುದಾದರೂ ಭಾಗ ಇಲ್ಲವೇ, ಗೆರೆ ಬಾಗಿದೆಯೇ. ಎರಡನೆಯದು, ಹೊಸದಾಗಿ ಮಿಂಚು, ಚುಕ್ಕಿಗಳು ಬಂದಿವೆಯೇ. ಈ ಎರಡರಲ್ಲಿ ಒಂದಕ್ಕೆ "ಹೌದು" ಬಂದರೂ ಅಂದೇ ಬರಬೇಕು. ಇದರಿಂದ ಸುಮ್ಮನೆ ಬರುವವರು ಹೆಚ್ಚುತ್ತಾರೆ ಎಂದು ಆ ಹಿರಿಯ ಸಹೋದ್ಯೋಗಿ ಈಗಲೂ ಗೊಣಗುತ್ತಾರೆ. ಹೆಚ್ಚಿದ್ದಾರೆ, ನಿಜ. ವಯಸ್ಸಿಗೆ ಸಹಜವಾಗಿ ಚುಕ್ಕಿ ಕಾಣಿಸಿಕೊಂಡವರೇ ಅವರಲ್ಲಿ ಬಹುಪಾಲು, ನೋಡಿ ಧೈರ್ಯ ಹೇಳಿ ಕಳಿಸುತ್ತೇವೆ. ನಡುನಡುವೆ ಅಂಚಿನಲ್ಲಿ ಒಂದು ಹರಕು ಸಿಗುತ್ತದೆ, ಇನ್ನೂ ಕಿತ್ತಿರದ ರೆಟಿನಾದಲ್ಲಿ. ಅದರ ಸುತ್ತ ಲೇಸರ್ ಹೊಡೆಯಲು ಹತ್ತು ಹದಿನೈದು ನಿಮಿಷ ಸಾಕು, ರೋಗಿ ಅದೇ ದಿನ ಮನೆಗೆ ಹೋಗುತ್ತಾರೆ.